ಹಳೆಯ ತಂತ್ರಾಂಶ, ಹೊಸ ಕಂಪ್ಯೂಟರ್: ‘ಕೀ ಸಿಗಲಿಲ್ಲ’ ಅಂದಾಗ ಎಲ್ಲಿ ಹುಡುಕಬೇಕು?

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಸುಮಾರು ಇಪ್ಪತ್ತೈದು ವರ್ಷ ಹಳೆಯ ಅಳತೆ ಉಪಕರಣವಿದೆ. ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ ಮೂಲಕ ಅದನ್ನು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿಗೆ ಜೋಡಿಸಿದ್ದೆವು. ಅದರ ತಂತ್ರಾಂಶ ತೆರೆಯಬೇಕಾದರೆ ಪ್ರಿಂಟರ್ ಪೋರ್ಟಿಗೆ (ಪ್ಯಾರಲಲ್ ಪೋರ್ಟ್) ಒಂದು ಕೀ, ಅಂದರೆ ಪರವಾನಗಿಯ ಗುರುತಾಗಿ ಕೊಟ್ಟ ಸಣ್ಣ ಸಾಧನ, ಸಿಕ್ಕಿಸಿರಬೇಕು. ಈಗ ಆ ಕಂಪ್ಯೂಟರ್ ಆನ್ ಆಗುತ್ತಿಲ್ಲ. ವಿಂಡೋಸ್ 11 ಇರುವ ಹೊಸ ಯಂತ್ರದಲ್ಲಿ ಸಿಡಿಯ ಸೆಟಪ್ ಓಡಿಸಿದರೆ ‘ಈ ಆಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ’ ಅನ್ನುತ್ತದೆ. ಹಿಂದೆಂದೋ ತೆಗೆದಿಟ್ಟಿದ್ದ ಬ್ಯಾಕಪ್‌ನಿಂದ ಇಡೀ ಫೋಲ್ಡರ್ ನಕಲು ಮಾಡಿದೆ. ಪ್ರೋಗ್ರಾಂ ತೆರೆಯಿತು, ಆದರೆ ‘ಕೀ ಸಿಗಲಿಲ್ಲ’ ಎಂದು ನಿಂತುಬಿಟ್ಟಿತು. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ತಂದು ಹಾಕಿದೆ. ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಇದ್ದಬದ್ದ ಆಯ್ಕೆಗಳನ್ನೆಲ್ಲ ಒತ್ತಿ ನೋಡಿದೆ. ಏನೂ ಆಗಲಿಲ್ಲ. ಹಳೆಯ ಕಂಪ್ಯೂಟರ್ ಒಂದನ್ನು ಹುಡುಕಿ ತರುವುದೊಂದೇ ದಾರಿಯೇ?

ಉತ್ತರ: ಹಳೆಯ ಕಂಪ್ಯೂಟರ್ ಬೇಕಾಗಬಹುದು, ಆದರೆ ಆ ನಿರ್ಧಾರ ಇವತ್ತೇ ಬೇಡ. ಅದಕ್ಕಿಂತ ತುರ್ತಾದ ಕೆಲಸ ಒಂದಿದೆ. ಕೆಟ್ಟು ನಿಂತ ಯಂತ್ರವನ್ನು ಮತ್ತೆ ಮತ್ತೆ ಆನ್ ಮಾಡಿ ನೋಡುವುದನ್ನು ನಿಲ್ಲಿಸಿ, ಅದರ ಹಾರ್ಡ್ ಡಿಸ್ಕ್ ಬಿಚ್ಚಿ ಹೊರತೆಗೆಯಿರಿ. ಅಗಲವಾದ ಪಟ್ಟಿ ಕೇಬಲ್ ಇದ್ದರೆ ಅದು ಐಡಿಇ, ಸಣ್ಣ ಕೇಬಲ್ ಇದ್ದರೆ ಸಾಟಾ. ಎರಡಕ್ಕೂ ಯುಎಸ್‌ಬಿ ಅಡಾಪ್ಟರ್ ಸಿಗುತ್ತದೆ. ಹೊಸ ಯಂತ್ರಕ್ಕೆ ಸಿಕ್ಕಿಸಿ, ಬರೀ ಫೈಲುಗಳನ್ನಲ್ಲ, ಇಡೀ ಡಿಸ್ಕಿನ ಇಮೇಜ್ (ಇದ್ದದ್ದು ಇದ್ದ ಹಾಗೆ ಪೂರ್ತಿ ನಕಲು) ತೆಗೆದಿಡಿ. ನಿಮ್ಮ ಬ್ಯಾಕಪ್ ಫೋಲ್ಡರಿನಲ್ಲಿ ಪ್ರೋಗ್ರಾಂ ಮಾತ್ರ ಇದೆ. ಉಪಕರಣದ ಕ್ಯಾಲಿಬ್ರೇಶನ್ ಫೈಲು, ರಿಜಿಸ್ಟ್ರಿ ಎಂಬ ವಿಂಡೋಸ್‌ನ ದಾಖಲೆಯಲ್ಲಿ ಬರೆದಿಟ್ಟ ಸೆಟ್ಟಿಂಗ್‌ಗಳು, ವಿಂಡೋಸ್ ಫೋಲ್ಡರಿನೊಳಗೆ ಕುಳಿತ ಡ್ರೈವರ್ (ಸಾಧನದೊಂದಿಗೆ ಮಾತಾಡಲು ವಿಂಡೋಸ್ ಬಳಸುವ ತಂತ್ರಾಂಶ) ಇವೆಲ್ಲ ಇರುವುದು ಆ ಡಿಸ್ಕಿನಲ್ಲಿ. ಇಮೇಜ್ ಒಂದು ಕೈಯಲ್ಲಿದ್ದರೆ ಮುಂದೆ ಯಾವ ಪ್ರಯೋಗ ಕೆಟ್ಟರೂ ಮತ್ತೆ ಮೊದಲಿನ ಜಾಗಕ್ಕೆ ಬರಬಹುದು. ಆಮೇಲೆ ಬೇಕಾದರೆ ಹಳೆಯ ಯಂತ್ರವನ್ನು ಪರೀಕ್ಷಿಸಿ. ಆ ಕಾಲದ ಮದರ್‌ಬೋರ್ಡ್‌ಗಳಲ್ಲಿ ಕೆಪಾಸಿಟರುಗಳು ಉಬ್ಬಿ ಸಾಯುವುದು ಬಹಳ ಸಾಮಾನ್ಯವಾಗಿತ್ತು, ಪವರ್ ಸಪ್ಲೈ ಕೈಕೊಡುವುದೂ ಅಷ್ಟೇ. ಎಷ್ಟೋ ಸಲ ಡಿಸ್ಕು ಆರೋಗ್ಯವಾಗಿಯೇ ಇರುತ್ತದೆ.

ಈಗ ವಿಷಯಕ್ಕೆ ಬರೋಣ. ನೀವು ಇದನ್ನು ‘ಹಳೆಯ ತಂತ್ರಾಂಶ ಹೊಸ ಕಂಪ್ಯೂಟರಿಗೆ ಒಗ್ಗುತ್ತಿಲ್ಲ’ ಎಂಬ ಒಂದೇ ತೊಂದರೆಯಾಗಿ ನೋಡುತ್ತಿದ್ದೀರಿ. ನಿಮ್ಮ ವಿವರಣೆಯನ್ನು ಓದಿದರೆ ನನಗೆ ಕಾಣುವುದು ಮೂರು ಬೇರೆ ಬೇರೆ ತೊಂದರೆಗಳು: ಸೆಟಪ್‌ನದು ಒಂದು, ಕೀಯದು ಇನ್ನೊಂದು, ಸೀರಿಯಲ್ ಪೋರ್ಟಿನದು ನೀವಿನ್ನೂ ಮುಟ್ಟಿಯೇ ಇಲ್ಲದ ಮೂರನೆಯದು. ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಕೀ ಸಿಗದಿದ್ದಾಗ ಕಂಪ್ಯಾಟಿಬಿಲಿಟಿ ಮೋಡ್ ಒತ್ತುತ್ತಾ ಕೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಆ ಮೋಡ್ ಮಾಡುವುದು ಇಷ್ಟೇ: ಪ್ರೋಗ್ರಾಂ ‘ಇದು ಯಾವ ವಿಂಡೋಸ್?’ ಎಂದು ಕೇಳಿದರೆ ಹಳೆಯ ಆವೃತ್ತಿಯ ಹೆಸರು ಹೇಳುತ್ತದೆ, ಬಣ್ಣಗಳ ಸಂಖ್ಯೆ, ಪರದೆಯ ಅಳತೆ ಮುಂತಾದ ಕೆಲವು ವಿಷಯಗಳಲ್ಲಿ ಹಳೆಯ ನಡವಳಿಕೆಯನ್ನು ನಟಿಸುತ್ತದೆ. ಡ್ರೈವರ್ ಮಟ್ಟದಲ್ಲಿ, ಪೋರ್ಟಿನ ಮಟ್ಟದಲ್ಲಿ ಅದು ಏನನ್ನೂ ಬದಲಿಸುವುದಿಲ್ಲ.

ಸೆಟಪ್ ಯಾಕೆ ಓಡಲಿಲ್ಲ? ನಕಲು ಮಾಡಿದ ಪ್ರೋಗ್ರಾಂ ತೆರೆದಿದೆ ಅಂದ ಮೇಲೆ ಪ್ರೋಗ್ರಾಂ 32 ಬಿಟ್‌ನದು. ಸೆಟಪ್ ಮಾತ್ರ ಬಹುತೇಕ 16 ಬಿಟ್‌ನದು. 1990ರ ದಶಕದ ಕೊನೆಯಲ್ಲಿ ಇದು ಮಾಮೂಲಿ. ಒಂದೇ ಸಿಡಿ ವಿಂಡೋಸ್ 3.1ರಲ್ಲೂ ವಿಂಡೋಸ್ 95ರಲ್ಲೂ ತೆರೆಯಲಿ ಎಂದು ಸೆಟಪ್ಪನ್ನು 16 ಬಿಟ್‌ನಲ್ಲೇ ಉಳಿಸುತ್ತಿದ್ದರು. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂಗಳಿಗೆ ಜಾಗವಿಲ್ಲ. ಡಾಸ್ ಪ್ರೋಗ್ರಾಂಗಳನ್ನು ಓಡಿಸಲು ಬಳಸುತ್ತಿದ್ದ ವರ್ಚುವಲ್ 8086 ಎಂಬ ವ್ಯವಸ್ಥೆ ಪ್ರೊಸೆಸರ್ 64 ಬಿಟ್ ಸ್ಥಿತಿಯಲ್ಲಿರುವಾಗ ಸಿಗುವುದಿಲ್ಲ. 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವ ಎನ್‌ಟಿವಿಡಿಎಂ ಎಂಬ ಭಾಗವನ್ನು ಮೈಕ್ರೋಸಾಫ್ಟ್ 64 ಬಿಟ್ ಆವೃತ್ತಿಗಳಲ್ಲಿ ಕೊಡಲೇ ಇಲ್ಲ. ವಿಂಡೋಸ್ 10ರವರೆಗೆ 32 ಬಿಟ್ ಆವೃತ್ತಿಯೊಂದು ಸಿಗುತ್ತಿತ್ತು. ವಿಂಡೋಸ್ 11ಕ್ಕೆ ಅದೂ ಇಲ್ಲ.

ನನ್ನ ಊಹೆಯನ್ನು ನಂಬಬೇಕಿಲ್ಲ, ನೀವೇ ನೋಡಬಹುದು. ಸೆಟಪ್ ಫೈಲನ್ನು ಯಾವುದಾದರೂ ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಪ್ರೋಗ್ರಾಂ) ತೆರೆಯಿರಿ. ಶುರುವಿನಲ್ಲಿ ‘ಎಂ’, ‘ಝಡ್’ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಸ್ವಲ್ಪ ಕೆಳಗೆ ‘ಎನ್’, ‘ಇ’ ಕಂಡರೆ ಅದು 16 ಬಿಟ್ ವಿಂಡೋಸ್ ಪ್ರೋಗ್ರಾಂ. ‘ಪಿ’, ‘ಇ’ ಕಂಡರೆ ಅದರ ನಂತರ ಎರಡು ಸೊನ್ನೆ ಬೈಟ್‌ಗಳನ್ನು ದಾಟಿ ನೋಡಿ: 4ಸಿ 01 ಎಂದಿದ್ದರೆ 32 ಬಿಟ್, 64 86 ಎಂದಿದ್ದರೆ 64 ಬಿಟ್. ಎರಡು ನಿಮಿಷದ ಈ ಪರೀಕ್ಷೆ ಎರಡು ದಿನದ ಊಹಾಪೋಹವನ್ನು ಉಳಿಸುತ್ತದೆ.

ಸೆಟಪ್ ಇಲ್ಲದೆ ಫೋಲ್ಡರ್ ನಕಲು ಮಾಡಿದ್ದು ತಪ್ಪಲ್ಲ, ಆದರೆ ಅರ್ಧ ಕೆಲಸ. ಸೆಟಪ್ ಮಾಡುತ್ತಿದ್ದ ಮೂರು ಕೆಲಸಗಳನ್ನು ಈಗ ನೀವೇ ಮಾಡಬೇಕು: ರಿಜಿಸ್ಟ್ರಿ ನಮೂದುಗಳು, ಘಟಕಗಳ ನೋಂದಣಿ, ಡ್ರೈವರ್. ಸೀರಿಯಲ್ ಪೋರ್ಟಿನೊಂದಿಗೆ ಮಾತಾಡುವ ಆ ಕಾಲದ ಎಷ್ಟೋ ಪ್ರೋಗ್ರಾಂಗಳು ವಿಶುವಲ್ ಬೇಸಿಕ್ 6ರಲ್ಲಿ ಬರೆದಂಥವು. ಅವಕ್ಕೆ ಎಂಎಸ್‌ಕಾಮ್32.ಓಸಿಎಕ್ಸ್ ಎಂಬ ಫೈಲು ಬೇಕು. ‘ಘಟಕ ಸರಿಯಾಗಿ ನೋಂದಣಿಯಾಗಿಲ್ಲ’ ಎಂಬ ಸಂದೇಶ ಎಂದಾದರೂ ಬಂದರೆ ಹಳೆಯ ಡಿಸ್ಕಿನ ಸಿಸ್ಟಂ32 ಫೋಲ್ಡರಿನಿಂದ ಅದನ್ನು ತೆಗೆದು, ಹೊಸ ಯಂತ್ರದ ಸಿಸ್‌ವೌ64 ಫೋಲ್ಡರಿಗೆ ಹಾಕಿ, ಅದೇ ಫೋಲ್ಡರಿನಲ್ಲಿರುವ ರೆಗ್‌ಎಸ್‌ವಿಆರ್32ರಿಂದ ಅಡ್ಮಿನಿಸ್ಟ್ರೇಟರ್ ಆಗಿ ನೋಂದಾಯಿಸಿ. ಹೆಸರು ನೋಡಿ ಮೋಸಹೋಗುವುದು ಇಲ್ಲೇ: 64 ಬಿಟ್ ವಿಂಡೋಸ್‌ನಲ್ಲಿ 64 ಬಿಟ್ ಫೈಲುಗಳು ಸಿಸ್ಟಂ32ರಲ್ಲಿ ಇರುತ್ತವೆ, 32 ಬಿಟ್‌ನವು ಸಿಸ್‌ವೌ64ರಲ್ಲಿ. ಇನ್ನೊಂದು ಮಾತು. ಪ್ರೋಗ್ರಾಂ ಫೋಲ್ಡರನ್ನು ‘ಪ್ರೋಗ್ರಾಂ ಫೈಲ್ಸ್’ ಒಳಗೆ ಇಡಬೇಡಿ, ಸಿ ಡ್ರೈವ್‌ನಲ್ಲೇ ನೇರವಾಗಿ ಒಂದು ಫೋಲ್ಡರ್ ಮಾಡಿ ಇಡಿ. ಹಳೆಯ ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗ್ ಮತ್ತು ದತ್ತಾಂಶವನ್ನು ತಮ್ಮದೇ ಫೋಲ್ಡರಿನಲ್ಲಿ ಬರೆಯುತ್ತವೆ. ವಿಸ್ಟಾದಿಂದ ಈಚೆಗೆ ಆ ಬರಹವನ್ನು ವಿಂಡೋಸ್ ಗುಟ್ಟಾಗಿ ವರ್ಚುವಲ್‌ಸ್ಟೋರ್ ಎಂಬ ಬೇರೆ ಜಾಗಕ್ಕೆ ತಿರುಗಿಸುತ್ತದೆ. ಒಬ್ಬ ಬಳಕೆದಾರರು ಉಳಿಸಿದ ಅಳತೆ ಇನ್ನೊಬ್ಬರಿಗೆ ಕಾಣದೆ, ಕಳೆದೇಹೋಯಿತು ಎಂದು ಗಾಬರಿಯಾಗುವುದು ಇದರಿಂದಲೇ.

ಈಗ ಕೀ. ಇಡೀ ಪ್ರಕರಣದಲ್ಲಿ ನಿಜವಾಗಿ ಕಷ್ಟದ್ದು ಇದೊಂದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೀವು ತಂದ ಯುಎಸ್‌ಬಿ–ಪ್ಯಾರಲಲ್ ಕೇಬಲ್ಲನ್ನು ಪಕ್ಕಕ್ಕೆ ಇಟ್ಟುಬಿಡಿ. ಅದು ಕೆಟ್ಟಿಲ್ಲ, ಅದರ ಕೆಲಸವೇ ಬೇರೆ. ಹೆಸರಿನಲ್ಲಿ ಪ್ಯಾರಲಲ್ ಇದ್ದರೂ ಕಂಪ್ಯೂಟರಿನ ಕಣ್ಣಿಗೆ ಅದು ಒಂದು ಯುಎಸ್‌ಬಿ ಪ್ರಿಂಟರ್. ಮುದ್ರಿಸಬೇಕಾದ ದತ್ತಾಂಶವನ್ನು ಪ್ರಿಂಟರಿಗೆ ದಾಟಿಸುತ್ತದೆ, ಅಷ್ಟೇ. ಕೀ ಬಯಸುವುದು ಮುದ್ರಣವನ್ನಲ್ಲ. ಪೋರ್ಟಿನ ಒಂದೊಂದು ತಂತಿಯನ್ನೂ ಎತ್ತಿ ಇಳಿಸಿ, ಅದಕ್ಕೆ ಬರುವ ಉತ್ತರವನ್ನು ಆ ಕ್ಷಣವೇ ಓದುವ ಸಂಭಾಷಣೆ ಅದು. ಆ ಸಂಭಾಷಣೆ ನಡೆಯುವುದು 378 ಎಂಬ ಹೆಕ್ಸ್ ವಿಳಾಸದಲ್ಲಿ (ಕೆಲವು ಯಂತ್ರಗಳಲ್ಲಿ 278 ಅಥವಾ 3ಬಿಸಿ). ಯುಎಸ್‌ಬಿ ಕೇಬಲ್ಲು ಅಂಥ ವಿಳಾಸವನ್ನು ಒದಗಿಸುವುದೇ ಇಲ್ಲ. ಎಷ್ಟು ಬ್ರ್ಯಾಂಡ್ ಬದಲಿಸಿದರೂ ಫಲಿತಾಂಶ ಇದೇ.

ನಿಮ್ಮ ಪ್ರಶ್ನೆಯಲ್ಲಿ ಒಂದು ಒಳ್ಳೆಯ ಸುಳಿವೂ ಇದೆ. ಹಳೆಯ ಯಂತ್ರದಲ್ಲಿ ಎಕ್ಸ್‌ಪಿ ಇತ್ತು ಅಂದಿರಿ. ವಿಂಡೋಸ್ 95, 98ರಲ್ಲಿ ಸಾಮಾನ್ಯ ಪ್ರೋಗ್ರಾಂ ಕೂಡ ಪೋರ್ಟಿನ ವಿಳಾಸವನ್ನು ನೇರವಾಗಿ ಮುಟ್ಟಬಹುದಿತ್ತು. ಎಕ್ಸ್‌ಪಿಯಲ್ಲಿ ಅದಕ್ಕೆ ಅವಕಾಶವಿಲ್ಲ, ನಡುವೆ ಒಂದು ಡ್ರೈವರ್ ಇರಲೇಬೇಕು. ಅಂದರೆ ನಿಮ್ಮ ಕೀಗೆ ಡ್ರೈವರ್ ಇತ್ತು, ಅದು ಆ ಹಳೆಯ ಡಿಸ್ಕಿನ ಡ್ರೈವರ್ಸ್ ಫೋಲ್ಡರಿನಲ್ಲಿ ಈಗಲೂ ಇದೆ. ಆ ಡ್ರೈವರ್ 32 ಬಿಟ್‌ನದು, ಹೊಸ ಯಂತ್ರದಲ್ಲಿ ಅದನ್ನೇ ಹಾಕಲಾಗದು. 64 ಬಿಟ್ ವಿಂಡೋಸ್ 32 ಬಿಟ್ ಪ್ರೋಗ್ರಾಂಗಳನ್ನು ಓಡಿಸುತ್ತದೆ, 32 ಬಿಟ್ ಡ್ರೈವರ್‌ಗಳನ್ನು ಯಾವ ಕಾರಣಕ್ಕೂ ಒಳಗೆ ಬಿಡುವುದಿಲ್ಲ. ನಿಮ್ಮ ಪ್ರೋಗ್ರಾಂ ತೆರೆದು, ಕೀ ಮಾತ್ರ ಸಿಗದಿರುವುದಕ್ಕೆ ಪೂರ್ತಿ ವಿವರಣೆ ಇದೇ. ಆದರೂ ಆ ಫೈಲಿನ ಹೆಸರು ಮತ್ತು ಗುಣವಿವರ ನೋಡಿದರೆ ಕೀ ತಯಾರಿಸಿದವರು ಯಾರೆಂದು ಗೊತ್ತಾಗುತ್ತದೆ. ಆ ಕಾಲದಲ್ಲಿ ಹೆಚ್ಚು ಬಳಕೆಯಲ್ಲಿದ್ದ ಹ್ಯಾಸ್ಪ್ ಮತ್ತು ಸೆಂಟಿನಲ್ ಕೀಗಳು ಎರಡೂ ಒಂದು ಕಂಪನಿಯಿಂದ ಇನ್ನೊಂದಕ್ಕೆ ಕೈ ಬದಲಾಗುತ್ತಾ ಬಂದು 2019ರಿಂದ ಥೇಲ್ಸ್ ಕಂಪನಿಯ ಬಳಿ ಇವೆ. ಕೀ ತಯಾರಕರ 64 ಬಿಟ್ ಡ್ರೈವರ್ ನಿಮ್ಮ ಕೀಯ ಮಾದರಿಯನ್ನು ಇನ್ನೂ ಗುರುತಿಸುತ್ತದೆಯೇ ಎಂಬುದನ್ನು ಅವರ ದಾಖಲೆಗಳಲ್ಲಿ ನೋಡಿ.

ಗುರುತಿಸಿದರೆ ಆಗ ನಿಜವಾದ ಪ್ಯಾರಲಲ್ ಪೋರ್ಟ್ ಬೇಕು, ಅದಕ್ಕೆ ಮದರ್‌ಬೋರ್ಡ್‌ಗೆ ಸಿಕ್ಕಿಸುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಬೇಕು. ಅಲ್ಲೂ ಒಂದು ತೊಡಕಿದೆ: ಈ ಕಾರ್ಡುಗಳಿಗೆ 378 ಸಿಗುವುದಿಲ್ಲ, ಯಂತ್ರ ಆನ್ ಆಗುವಾಗ ಬೇರೆಯೇ ವಿಳಾಸ ಹಂಚಿಕೆಯಾಗುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ರಿಸೋರ್ಸಸ್ ಪುಟದಲ್ಲಿ ಆ ವಿಳಾಸ ಕಾಣುತ್ತದೆ. ಕೆಲವು ಕೀ ಡ್ರೈವರ್‌ಗಳಲ್ಲಿ ಅದನ್ನು ಕೈಯಾರೆ ತುಂಬುವ ಸೌಲಭ್ಯವಿದೆ. 378 ಬಿಟ್ಟು ಬೇರೆಲ್ಲೂ ನೋಡದ ತಂತ್ರಾಂಶಕ್ಕೆ ಕಾರ್ಡಿನಿಂದ ಪ್ರಯೋಜನವಿಲ್ಲ. ಹೊಸ ಯಂತ್ರ ಲ್ಯಾಪ್‌ಟಾಪ್ ಆಗಿದ್ದರೆ ಈ ದಾರಿಯೇ ಇಲ್ಲ.

ಕಾರ್ಡು ಕೊಳ್ಳುವ ಮೊದಲು ಉಪಕರಣದ ತಯಾರಕರಿಗೆ ಒಂದು ಪತ್ರ ಬರೆಯಿರಿ ಎಂಬುದು ನನ್ನ ಒತ್ತಾಯ. ಕೀಯ ಮೇಲೆ ಅಚ್ಚಾದ ಸಂಖ್ಯೆ, ಉಪಕರಣದ ಕ್ರಮಸಂಖ್ಯೆ, ತಂತ್ರಾಂಶದ ಆವೃತ್ತಿ ಮೂರನ್ನೂ ಕೊಟ್ಟು, ಯುಎಸ್‌ಬಿ ಕೀ ಅಥವಾ ಫೈಲ್ ರೂಪದ ಪರವಾನಗಿಗೆ ಬದಲಿಸಿಕೊಡಲು ಸಾಧ್ಯವೇ ಎಂದು ಕೇಳಿ. ಕೀ ನಿಮ್ಮ ಕೈಯಲ್ಲಿರುವುದೇ ನೀವು ಹಣ ಕೊಟ್ಟು ಕೊಂಡ ಗ್ರಾಹಕರು ಎಂಬುದಕ್ಕೆ ಪುರಾವೆ. ಕೇಳದೆ ಇದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ಹುಡುಕುವಾಗ ಕೀಯಂತೆ ನಟಿಸುವ ‘ಕೀ ಎಮ್ಯುಲೇಟರ್’ ಎಂಬ ಫೈಲುಗಳು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತವೆ. ಅವುಗಳ ಹತ್ತಿರ ಹೋಗಬೇಡಿ. ಪರವಾನಗಿಯ ಪ್ರಶ್ನೆ ಒಂದು ಕಡೆ ಇರಲಿ, ಯಾರು ಬರೆದರೆಂದೇ ಗೊತ್ತಿಲ್ಲದ ಡ್ರೈವರ್ ಒಂದನ್ನು ವಿಂಡೋಸ್‌ನ ಗರ್ಭಗುಡಿಗೆ ಬಿಟ್ಟುಕೊಳ್ಳುವ ಕೆಲಸ ಅದು. ಹಳೆಯ ಡ್ರೈವರ್ ಒಪ್ಪಲಿ ಎಂದು ಡ್ರೈವರಿನ ಸಹಿ ಪರಿಶೀಲನೆ ಅಥವಾ ಮೆಮೊರಿ ಇಂಟೆಗ್ರಿಟಿ ಎಂಬ ವಿಂಡೋಸ್‌ನ ರಕ್ಷಣೆಗಳನ್ನು ಆಫ್ ಮಾಡಿ ಎಂಬ ಸಲಹೆಯೂ ಸಿಗುತ್ತದೆ. ಅದರಿಂದ 32 ಬಿಟ್ ಡ್ರೈವರ್ 64 ಬಿಟ್ ಆಗುವುದಿಲ್ಲ, ಯಂತ್ರದ ರಕ್ಷಣೆ ಮಾತ್ರ ಹೋಗುತ್ತದೆ.

ಸೀರಿಯಲ್ ಪೋರ್ಟಿನ ಕಡೆ ಸುದ್ದಿ ಒಳ್ಳೆಯದಿದೆ. ಎಕ್ಸ್‌ಪಿಯ ಪ್ರೋಗ್ರಾಂಗಳು ಸಾಮಾನ್ಯವಾಗಿ ‘ಕಾಮ್1 ತೆರೆ’ ಎಂದು ವಿಂಡೋಸನ್ನೇ ಕೇಳುತ್ತವೆ (ಕಾಮ್1, ಕಾಮ್2 ಎಂಬುವು ಸೀರಿಯಲ್ ಪೋರ್ಟುಗಳಿಗೆ ವಿಂಡೋಸ್ ಇಡುವ ಹೆಸರುಗಳು), ತಂತಿಯನ್ನು ತಾವೇ ಮುಟ್ಟುವುದಿಲ್ಲ. ಆದ್ದರಿಂದ ಯುಎಸ್‌ಬಿ–ಸೀರಿಯಲ್ ಅಡಾಪ್ಟರ್ ಹೆಚ್ಚಿನ ಕಡೆ ಕೆಲಸ ಮಾಡುತ್ತದೆ. ಎಡವುವುದು ಸಣ್ಣ ವಿಷಯಗಳಲ್ಲಿ. ಹೊಸ ಅಡಾಪ್ಟರಿಗೆ ವಿಂಡೋಸ್ ಕಾಮ್7, ಕಾಮ್19 ಎಂಬಂಥ ಸಂಖ್ಯೆ ಕೊಟ್ಟಿರುತ್ತದೆ. ಹಳೆಯ ಪ್ರೋಗ್ರಾಂನ ಪಟ್ಟಿಯಲ್ಲಿ ಕಾಮ್4ರ ಆಚೆಗೆ ಹೆಸರೇ ಇರುವುದಿಲ್ಲ. ಮೇಲೆ ಹೇಳಿದ ಎಂಎಸ್‌ಕಾಮ್ ಘಟಕ ಒಪ್ಪುವುದೂ 1ರಿಂದ 16ರವರೆಗೆ ಮಾತ್ರ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಪೋರ್ಟಿನ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ ಕಾಮ್1 ಅಥವಾ ಕಾಮ್2 ಮಾಡಿ. ‘ಬಳಕೆಯಲ್ಲಿದೆ’ ಅಂದರೆ ಹಿಂದೆಂದೋ ಸಿಕ್ಕಿಸಿ ತೆಗೆದ ಅಡಾಪ್ಟರಿನ ನೆನಪು ಉಳಿದಿರುತ್ತದೆ. ಅಡಗಿಸಿಟ್ಟ ಸಾಧನಗಳನ್ನು ತೋರಿಸಲು ಹೇಳಿ, ಅದನ್ನು ಅಳಿಸಿ.

ಪ್ರೋಗ್ರಾಂ ತೆರೆಯುವ ಮೊದಲೇ ಅಡಾಪ್ಟರನ್ನು ಒಂಟಿಯಾಗಿ ಪರೀಕ್ಷಿಸಿ. ಅದರ 2 ಮತ್ತು 3ನೇ ಪಿನ್ನುಗಳನ್ನು ಒಂದು ಸಣ್ಣ ತಂತಿಯಿಂದ ಸೇರಿಸಿ, ಪುಟ್ಟಿ ಎಂಬ ಟರ್ಮಿನಲ್ ಪ್ರೋಗ್ರಾಂನಲ್ಲಿ ಆ ಪೋರ್ಟ್ ತೆರೆದು, ಫ್ಲೋ ಕಂಟ್ರೋಲ್ ಇಲ್ಲ ಎಂದು ಆಯ್ದು ಏನಾದರೂ ಟೈಪ್ ಮಾಡಿ. ಅಕ್ಷರ ತಿರುಗಿ ಪರದೆಯ ಮೇಲೆ ಬಂದರೆ ಅಡಾಪ್ಟರ್, ಡ್ರೈವರ್, ವಿಂಡೋಸ್ ಮೂರೂ ಸರಿ. ಇನ್ನು ತಪ್ಪು ಹುಡುಕಬೇಕಾದ್ದು ಕೇಬಲ್, ವೇಗದ ಸೆಟ್ಟಿಂಗ್ ಅಥವಾ ಉಪಕರಣದ ಕಡೆ. ಹಳೆಯ ಕೇಬಲ್ಲನ್ನೇ ಬಳಸಿ. ಒಂಬತ್ತು ಪಿನ್ನಿನ ಕೇಬಲ್ಲುಗಳು ನೋಡಲು ಒಂದೇ ಥರ ಇದ್ದರೂ ಕೆಲವು ನೇರ, ಕೆಲವು ಒಳಗೆ 2 ಮತ್ತು 3ನ್ನು ಅದಲುಬದಲು ಮಾಡಿದ ನಲ್ ಮೋಡೆಮ್. ಅಡಾಪ್ಟರ್ ಕೊಳ್ಳುವಾಗ ಒಳಗಿನ ಚಿಪ್ ಯಾವುದೆಂದು ಕೇಳಿ. ಪ್ರೊಲಿಫಿಕ್‌ನ ಪಿಎಲ್2303ಎಚ್‌ಎಕ್ಸ್‌ಎ ಎಂಬ ಹಳೆಯ ಚಿಪ್‌ಗೆ ವಿಂಡೋಸ್ 11ರ ಡ್ರೈವರ್ ಬೆಂಬಲವಿಲ್ಲ. ನಾನು ಎಫ್‌ಟಿಡಿಐ ಚಿಪ್ ಇರುವುದನ್ನೇ ಆರಿಸುತ್ತೇನೆ. ಅದರಲ್ಲೂ ಲೇಟೆನ್ಸಿ ಟೈಮರ್ ಎಂಬ ಸೆಟ್ಟಿಂಗ್ ಆರಂಭದಲ್ಲಿ 16 ಮಿಲಿಸೆಕೆಂಡ್ ಇರುತ್ತದೆ. ಒಂದೊಂದು ಬೈಟಿಗೂ ತಕ್ಷಣ ಉತ್ತರ ಬಯಸುವ ಉಪಕರಣಗಳಿಗೆ ಇದು ತಡ. ಅದನ್ನು 1 ಅಥವಾ 2ಕ್ಕೆ ಇಳಿಸಿ.

ಒಂದು ಅನುಭವ ಹೇಳುತ್ತೇನೆ. ಹೀಗೇ ಒಂದು ಉಪಕರಣವನ್ನು ಹೊಸ ಯಂತ್ರಕ್ಕೆ ಜೋಡಿಸಿದ್ದೆ. ಶುರುವಿನಲ್ಲಿ ಎಲ್ಲ ಸರಿ, ಸ್ವಲ್ಪ ಹೊತ್ತು ಬಿಟ್ಟು ಬಂದರೆ ಸಂಪರ್ಕ ಸತ್ತಿರುತ್ತಿತ್ತು. ಕೇಬಲ್ ಬದಲಿಸಿದೆ, ವೇಗ ತಗ್ಗಿಸಿದೆ, ಉಪಕರಣದ ಮೇಲೇ ಅನುಮಾನಪಟ್ಟೆ. ಕೊನೆಗೆ ನೋಡಿದರೆ, ಬಳಕೆಯಿಲ್ಲದಾಗ ವಿದ್ಯುತ್ ಉಳಿಸಲೆಂದು ವಿಂಡೋಸ್ ಆ ಯುಎಸ್‌ಬಿ ಪೋರ್ಟನ್ನು ಮಲಗಿಸುತ್ತಿತ್ತು. ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಒಂದು ಟಿಕ್ ತೆಗೆದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ಇಡೀ ಎರಡು ದಿನ ಹೋಗಿತ್ತು. ಅದಕ್ಕೇ ಹೇಳುವುದು, ಅಡಾಪ್ಟರ್ ಹಾಕಿದ ದಿನವೇ ಆ ಟಿಕ್ ತೆಗೆದುಬಿಡಿ. ಇನ್ನೊಂದು ಬಗೆಯ ಉಪಕರಣವಿದೆ: ತನಗೆ ಬೇಕಾದ ಅಲ್ಪ ವಿದ್ಯುತ್ತನ್ನು ಸೀರಿಯಲ್ ಪೋರ್ಟಿನ ಡಿಟಿಆರ್, ಆರ್‌ಟಿಎಸ್ ತಂತಿಗಳಿಂದಲೇ ಹೀರುವಂಥದ್ದು. ಹಳೆಯ ಮದರ್‌ಬೋರ್ಡ್‌ಗಳು ಆ ತಂತಿಗಳ ಮೇಲೆ 12 ವೋಲ್ಟ್‌ನ ಆಸುಪಾಸು ಕೊಡುತ್ತಿದ್ದವು, ಅಗ್ಗದ ಅಡಾಪ್ಟರುಗಳು 5ರ ಸುತ್ತಮುತ್ತ ನಿಲ್ಲುತ್ತವೆ. ಪರೀಕ್ಷೆಯಲ್ಲಿ ಪಾಸಾದ ಅಡಾಪ್ಟರ್ ಉಪಕರಣದ ಮುಂದೆ ಸುಮ್ಮನಾದರೆ ಇದನ್ನೂ ಯೋಚಿಸಿ. ಪಿಸಿಐ ಎಕ್ಸ್‌ಪ್ರೆಸ್ ಸೀರಿಯಲ್ ಕಾರ್ಡ್ ಅಂಥ ಕಡೆ ಮೇಲು.

ಎಕ್ಸ್‌ಪಿಯನ್ನೇ ಹೊಸ ಯಂತ್ರದಲ್ಲಿ ಹಾಕಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ನೇರವಾಗಿ ಹಾಕಲು ಹೋಗಬೇಡಿ. ಎನ್‌ವಿಎಂಇ ಡಿಸ್ಕು, ಯುಎಸ್‌ಬಿ 3, ಇಂದಿನ ಗ್ರಾಫಿಕ್ಸ್ ಯಾವುದರ ಪರಿಚಯವೂ ಅದಕ್ಕಿಲ್ಲ. ಹಳೆಯ ಬಯೋಸ್ ರೀತಿಯಲ್ಲಿ ಬೂಟ್ ಆಗುವ ಸೌಲಭ್ಯವೂ ಹೊಸ ಮದರ್‌ಬೋರ್ಡ್‌ಗಳಲ್ಲಿ ಮಾಯವಾಗುತ್ತಿದೆ. ಆದರೆ ವರ್ಚುವಲ್ ಯಂತ್ರದೊಳಗೆ (ಹೊಸ ಕಂಪ್ಯೂಟರಿನೊಳಗೆ ತಂತ್ರಾಂಶವೇ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್) ಎಕ್ಸ್‌ಪಿ ಹಾಯಾಗಿ ಓಡುತ್ತದೆ, ನಿಮ್ಮ ಪ್ರಕರಣದಲ್ಲಿ ನನ್ನ ಮೊದಲ ಆಯ್ಕೆ ಅದೇ. ಆರಂಭದಲ್ಲಿ ತೆಗೆದಿಟ್ಟ ಇಮೇಜನ್ನು ವರ್ಚುವಲ್ ಡಿಸ್ಕ್ ರೂಪಕ್ಕೆ ತಿರುಗಿಸಿ ವರ್ಚುವಲ್‌ಬಾಕ್ಸ್ ಅಥವಾ ವಿಎಂವೇರ್ ಎಂಬ ಇಂಥ ತಂತ್ರಾಂಶದಲ್ಲಿ ಜೋಡಿಸಿದರೆ ಸೆಟಪ್‌ನ ತಕರಾರೇ ಇರುವುದಿಲ್ಲ. ಎಲ್ಲವೂ ಇದ್ದಲ್ಲೇ ಇರುತ್ತದೆ. ಮೊದಲ ಬೂಟ್‌ನಲ್ಲಿ 7ಬಿ ಎಂದು ಕೊನೆಯಾಗುವ ನೀಲಿ ಪರದೆ ಬಂದರೆ ಹೆದರಬೇಡಿ. ಡಿಸ್ಕ್ ಕಂಟ್ರೋಲರ್ ಬದಲಾಗಿದೆ, ಅದಕ್ಕೆ ಡ್ರೈವರ್ ಸಿಗುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ವರ್ಚುವಲ್ ಯಂತ್ರದ ಡಿಸ್ಕನ್ನು ಸಾಟಾ ಬದಲು ಐಡಿಇಗೆ ಹಾಕಿ ನೋಡಿ. ಆಗಲೂ ಏಳದಿದ್ದರೆ ಹೊಸದಾಗಿ ಎಕ್ಸ್‌ಪಿ ಹಾಕಿ ಸಿಡಿಯಿಂದ ಸೆಟಪ್ ಮಾಡಿ. ಅದು 32 ಬಿಟ್ ವಿಂಡೋಸ್, 16 ಬಿಟ್ ಸೆಟಪ್ ಅಲ್ಲಿ ಓಡುತ್ತದೆ.

ವರ್ಚುವಲ್ ಯಂತ್ರಕ್ಕೆ ಯುಎಸ್‌ಬಿ–ಸೀರಿಯಲ್ ಅಡಾಪ್ಟರನ್ನು ಇಡಿಯಾಗಿ ಒಪ್ಪಿಸಬಹುದು, ಅದಕ್ಕೆ ಎಕ್ಸ್‌ಪಿ ಕಾಲದ ಡ್ರೈವರ್ ಒಳಗೆ ಹಾಕಬೇಕು. ತಯಾರಕರು ಕೀಯನ್ನು ಯುಎಸ್‌ಬಿಗೆ ಬದಲಿಸಿಕೊಟ್ಟರೆ ಅದನ್ನೂ ಹಾಗೆಯೇ ಒಪ್ಪಿಸಬಹುದು. ವಿಂಡೋಸ್ ಜೊತೆ ಬರುವ ಹೈಪರ್-ವಿ ಎಂಬ ವರ್ಚುವಲ್ ಯಂತ್ರದ ವ್ಯವಸ್ಥೆಯಲ್ಲಿ ಸಾಮಾನ್ಯ ಯುಎಸ್‌ಬಿ ಸಾಧನವನ್ನು ಹೀಗೆ ನೇರವಾಗಿ ಒಪ್ಪಿಸುವ ದಾರಿಯಿಲ್ಲ, ಅದನ್ನು ಆಯ್ದುಕೊಳ್ಳಬೇಡಿ. ಪ್ಯಾರಲಲ್ ಕೀಯನ್ನು ವರ್ಚುವಲ್ ಯಂತ್ರಕ್ಕೆ ದಾಟಿಸುವುದು ಕಾಗದದ ಮೇಲೆ ಸಾಧ್ಯ, ಆದರೆ ಕೀ ಕೇಳುವ ಕ್ಷಣದ ನಿಖರತೆ ಅಲ್ಲಿ ಸಿಗುವುದು ಅಪರೂಪ. ದಿನನಿತ್ಯದ ಕೆಲಸಕ್ಕೆ ಅದನ್ನು ನಂಬಲಾರೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ವರ್ಚುವಲ್ ಯಂತ್ರದ ನೆಟ್‌ವರ್ಕ್ ಕಾರ್ಡ್ ತೆಗೆದುಹಾಕಿ, ಫಲಿತಾಂಶದ ಫೈಲುಗಳನ್ನು ಹಂಚಿಕೆಯ ಫೋಲ್ಡರ್ ಮೂಲಕ ಮಾತ್ರ ಹೊರತನ್ನಿ.

ಇಷ್ಟಾದ ಮೇಲೂ ಕೀ ಬದಲಾಗದೆ ಉಳಿದರೆ, ಆಗ ಹಳೆಯ ಕಂಪ್ಯೂಟರ್ ತರುವುದೇ ಸರಿ, ಅದರಲ್ಲಿ ಸೋಲೇನೂ ಇಲ್ಲ. ತರುವಾಗ ಮದರ್‌ಬೋರ್ಡ್‌ನಲ್ಲೇ ಕೂತ ಪ್ಯಾರಲಲ್ ಮತ್ತು ಸೀರಿಯಲ್ ಪೋರ್ಟುಗಳಿವೆಯೇ, ಬಯೋಸ್‌ನಲ್ಲಿ ಪ್ಯಾರಲಲ್ ವಿಳಾಸವನ್ನು 378 ಎಂದು ಇಡಬಹುದೇ ಎಂಬುದನ್ನು ನೋಡಿ ತನ್ನಿ. ಕೀ ಕಾಣದಿದ್ದರೆ ಅದೇ ಪುಟದಲ್ಲಿ ಎಸ್‌ಪಿಪಿ, ಇಪಿಪಿ, ಇಸಿಪಿ ಎಂಬ ಮೂರು ಮೋಡ್‌ಗಳನ್ನು ಒಂದೊಂದಾಗಿ ಬದಲಿಸಿ ನೋಡಿ. ಒಂದರಲ್ಲಿ ಕಾಣದ ಕೀ ಇನ್ನೊಂದರಲ್ಲಿ ಕಾಣುವುದುಂಟು.

ಮೊದಲು ಡಿಸ್ಕಿನ ಇಮೇಜ್, ಆಮೇಲೆ ತಯಾರಕರಿಗೆ ಪತ್ರ, ಉತ್ತರ ಬರುವಷ್ಟರಲ್ಲಿ ವರ್ಚುವಲ್ ಯಂತ್ರ ಮತ್ತು ಸೀರಿಯಲ್ ಪರೀಕ್ಷೆ, ಇದೇ ಕ್ರಮದಲ್ಲಿ ಹೋಗಿ. ಇಮೇಜ್ ಸಿಕ್ಕಿದ ಮೇಲೆ ಡ್ರೈವರ್ಸ್ ಫೋಲ್ಡರಿನಲ್ಲಿ ಕೀಗೆ ಸಂಬಂಧಿಸಿದ ಫೈಲಿನ ಹೆಸರನ್ನೂ ಕೀಯ ಮೇಲೆ ಅಚ್ಚಾದ ಅಕ್ಷರಗಳನ್ನೂ ಬರೆದು ಕಳಿಸಿ. ಅದು ಯಾವ ಕುಟುಂಬದ ಕೀ ಎಂದು ಗೊತ್ತಾದರೆ ಕಾರ್ಡ್ ಕೊಳ್ಳುವುದು ಸಾರ್ಥಕವೇ ಅಲ್ಲವೇ ಎಂದು ಖಚಿತವಾಗಿ ಹೇಳಬಹುದು. ಅಲ್ಲಿಯವರೆಗೆ ಹೊಸದೇನನ್ನೂ ಕೊಳ್ಳಬೇಡಿ.